ಸೂರ್ಯ ಬಲಕ್ಕೆ ವಾಲಿದ ದಂಡೆ

ಯಾಸ್ನಾ ಮತ್ತೊಮ್ಮೆ ಸತ್ತಾಗ ಅವಳ ಚಿಕ್ಕಮ್ಮ ಎರ್ಮಿಂದಾ ಒಲೆಗೆ ಸೌದೆ ಒಡ್ಡುತ್ತಿದ್ದಳು.

"ಈ ಸಲ ಯಾರು ತಿಂದ್ರು?" ತಿರುಗಿಯೂ ನೋಡದೆ ಕೇಳಿದಳು.

"ತೋಳ."

"ನಿನ್ನೇನೂ ತೋಳಾನೇ ಅಲ್ವಾ? ಪಾಪ, ಅದಕ್ಕೂ ಬೇಜಾರಾಗಿರ್ಬೇಕು. ದಿನಾ ಅದೇ ಊಟ."

ಯಾಸ್ನಾ ನಗಲಿಲ್ಲ. ಟಿವಿಯ ಪರದೆ ಕಪ್ಪಾಗಿ, ನಿಧಾನಕ್ಕೆ ಬೆಳಗಿ, ಅವಳ ಗೊಂಬೆ ಅದೇ ದಂಡೆಯ ಮೇಲೆ ಅದೇ ಬಿಸಿಲಿನಲ್ಲಿ ಕಣ್ಣುಬಿಟ್ಟಿತು. ಈ ಆಟದಲ್ಲಿ ಸತ್ತವರಿಗೆ ಎಚ್ಚರವಾಗುವುದು ಯಾವಾಗಲೂ ನಡುಹಗಲಿಗೇ. ಇವತ್ತು ಗುರುವಾರ. ಭಾನುವಾರದೊಳಗೆ ದೀಪಸ್ತಂಭ ಮುಟ್ಟಬೇಕು. ಅದಕ್ಕೆ ಮೊದಲು ಸಿಗಬೇಕಾದ ಹೊಳೆಯೇ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ.

ಮಗಳು ಅನಾಯಿ ಕಳಿಸಿದ್ದ ಸಂದೇಶ ಬಾಯಿಪಾಠವಾಗಿಹೋಗಿತ್ತು. "ನಾನು ಬಿಟ್ಟುಬಂದ ಯಂತ್ರದಲ್ಲಿ 'ಬೂದು ತೀರ' ಅಂತ ಆಟ ಇದೆ. ಅದರಲ್ಲಿ ನಮ್ಮಿಬ್ಬರಿಗೇ ಒಂದು ನಾಡು ತೆರೆದಿದ್ದೀನಿ. ಎಚ್ಚರವಾಗೋ ದಂಡೆಯಿಂದ ಉತ್ತರಕ್ಕೆ ನಡಿ, ಹೊಳೆ ದಾಟು, ದೀಪಸ್ತಂಭ ಸಿಗುತ್ತೆ. ಭಾನುವಾರ ಮಧ್ಯಾಹ್ನದಿಂದ ಕತ್ತಲಾಗೋ ತನಕ ಅಲ್ಲಿರ್ತೀನಿ. ಬಂದ್ರೆ ಚಳಿಗಾಲದ ರಜೆ ಬಗ್ಗೆ ಮಾತಾಡೋಣ. ಬರದಿದ್ರೆ ನಾನು ರಜೆಗೆ ಅಲ್ಲಿಗೆ ಬರಲ್ಲ, ಅಪ್ಪನ ಹತ್ರಾನೇ ಇರ್ತೀನಿ. ಫೋನ್ ಮಾಡ್ಬೇಡ. ಯಾರನ್ನೂ ಕೇಳ್ಬೇಡ. ನೀನೇ ಹುಡುಕ್ಬೇಕು."

ಕೊನೆಯ ಮಾತಿನ ಮೊನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತ್ತು.

ಯಾಸ್ನಾ ಭೂಮಿಯ ದಕ್ಷಿಣಾರ್ಧದ ಒಂದು ದ್ವೀಪದ ಊರಾದ ದಾಲ್ಕಾವೆಯ ಪ್ರಯೋಗಾಲಯದಲ್ಲಿ ಚಿಪ್ಪುಮೀನನ್ನು ಪರೀಕ್ಷಿಸುವವಳು. ಕಡಲಿಗೆ ಕೆಂಪು ಉಬ್ಬರ ಬಂದಾಗ ಕಣ್ಣಿಗೆ ಕಾಣದ ಪಾಚಿಯ ವಿಷ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಕಾಣದ ಅಪಾಯವನ್ನು ಕಾಣುವುದೇ ಅವಳ ಹೊಟ್ಟೆಪಾಡು. ಸಂಜೆ ಬಿಳಿ ಕೋಟಿನ ಜೊತೆ ಆ ಕಣ್ಣನ್ನೂ ಗೂಟಕ್ಕೆ ನೇತುಹಾಕಿ ಬರುವುದು ಅವಳಿಗೆ ಎಂದೂ ಆಗಲಿಲ್ಲ. ಮಗಳಿಗೆ ಫೋನು ಕೊಡಿಸಿದ ದಿನವೇ, ಅವಳು ಎಲ್ಲಿದ್ದಾಳೆಂದು ತೋರಿಸುವ ನೀಲಿ ಚುಕ್ಕಿಯನ್ನು ತನ್ನ ಫೋನಿಗೆ ಜೋಡಿಸಿಕೊಂಡಿದ್ದಳು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಆ ಚುಕ್ಕಿ ದಂಡೆ ದಾಟಿ ನೀರಿನ ನಡುವೆ ಹೋಗಿ ನಿಂತಿತು. ಕರೆ ಹೋಗಲಿಲ್ಲ. ಯಾಸ್ನಾ ಕಡಲ ಕಾವಲಿನವರಿಗೆ ತಿಳಿಸಿದಳು. ದೋಣಿ ಸೈರನ್ ಕೂಗಿಕೊಂಡು ಹೊರಟಿತು, ಊರಿಗೆ ಊರೇ ದಂಡೆಗೆ ಬಂದು ನಿಂತಿತು. ಅನಾಯಿ ಗೆಳತಿಯ ಮನೆಯಲ್ಲಿ, ಸಿಗ್ನಲ್ ಸಿಗದ ಅಡುಗೆಮನೆಯಲ್ಲಿ, ಹುಟ್ಟುಹಬ್ಬದ ಕೇಕು ತಿನ್ನುತ್ತಿದ್ದಳು. ಯಾವ ಅಳತೆಗೂ ಒಂದಿಷ್ಟು ಆಚೀಚೆಯಾಗುವ ತಪ್ಪಿನ ಅಂಚು ಇದ್ದೇ ಇರುತ್ತದೆಂದು ದಿನವೂ ವರದಿಯಲ್ಲಿ ಬರೆಯುವವಳಿಗೆ, ಆ ಚುಕ್ಕಿಗೂ ಅಂಥದೊಂದು ಅಂಚಿದೆಯೆಂದು ಹೊಳೆದಿರಲಿಲ್ಲ. ಹುಡುಗರು ಅನಾಯಿಗೆ "ಮುಳುಗಿದವಳು" ಎಂದು ಹೆಸರಿಟ್ಟರು. ಶಾಲೆ ಶುರುವಾಗುವ ಮೊದಲೇ ಅವಳು ಚುಕ್ಕಿಯನ್ನು ಅಳಿಸಿ, ಚೀಲ ಕಟ್ಟಿ, ದೇಶದ ಇನ್ನೊಂದು ತುದಿಯ ಅಂತೊಫಗಾಸ್ತಾಗೆ, ಗಣಿಯಲ್ಲಿ ದುಡಿಯುವ ತಂದೆಯ ಬಳಿಗೆ ಹೊರಟುಹೋದಳು. ಅಲ್ಲಿಂದೀಚೆಗೆ ಅಮ್ಮನ ಕರೆ ಎತ್ತಿರಲಿಲ್ಲ.

ಆಟದಲ್ಲಿ ಚುಕ್ಕಿಯಿರಲಿಲ್ಲ. ನಕ್ಷೆಯಿಲ್ಲ, ಬಾಣದ ಗುರುತಿಲ್ಲ, ಯಾರೂ ಏನೂ ಹೇಳಿಕೊಡುವುದಿಲ್ಲ. ಮೊದಲ ದಿನ ಯಾಸ್ನಾ ನಡೆಯಲು ಹೋಗಿ ಬಂಡೆಯಿಂದ ಬಿದ್ದಿದ್ದಳು, ನಿಲ್ಲಲು ಹೋಗಿ ಸಮುದ್ರಕ್ಕೆ ಹಾರಿದ್ದಳು. ಕೈ ಪಳಗಿದ ಮೇಲೂ ಫಲವಿರಲಿಲ್ಲ. ದಿಕ್ಕು ಗೊತ್ತುಮಾಡುವುದಂತೂ ಅವಳಿಗೆ ಕಷ್ಟದ ಮಾತೇ ಅಲ್ಲ. ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ. ದಾಲ್ಕಾವೆಯಲ್ಲಿ ಉತ್ತರದ ಕಿಟಕಿಗೇ ಬಿಸಿಲು, ಉಣ್ಣೆಯ ಕಾಲುಚೀಲ ಒಣಹಾಕುವುದು ಅಲ್ಲಿಯೇ, ದಕ್ಷಿಣದ ಗೋಡೆಗೆ ವರ್ಷವಿಡೀ ಪಾಚಿ. ಅವಳು ಸೂರ್ಯನಿಗೆ ಮುಖಮಾಡಿ ನಿಂತರೆ ಸಮುದ್ರ ಎಡಗೈಗೆ ಬರುತ್ತಿತ್ತು. ಅದೂ ಸರಿಯಾಗಿಯೇ ಇತ್ತು. ಅಡ್ಡ ಯಾವ ದ್ವೀಪವೂ ಇಲ್ಲದೆ ಹೀಗೆ ಬಂದು ಅಪ್ಪಳಿಸುವ ದೊಡ್ಡ ಕಡಲು ಪಡುವಣಕ್ಕಲ್ಲದೆ ಇನ್ನೆಲ್ಲಿರುತ್ತದೆ? ಹಾಗಾಗಿ ಸೂರ್ಯನತ್ತ ಹೆಜ್ಜೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಕಾಶ ಕಾಣದಷ್ಟು ದಟ್ಟ ಕಾಡು. ಕಾಡಿನಾಚೆ ಮಂಜು ಮುಸುಕಿದ ಜೌಗು. ಜೌಗಿನಲ್ಲಿ ತೋಳ. ಪ್ರತಿಸಲವೂ ಸಂಜೆಯಾಗುವ ಮುಂಚೆಯೇ ಸಾವು.

"ಮೋಸದ ಆಟ ಇದು," ಎಂದು ಕಂಟ್ರೋಲರ್ ಅನ್ನು ಸೋಫಾದ ಮೇಲೆ ಎಸೆದಳು. "ಹೊಳೇನೇ ಇಟ್ಟಿಲ್ಲ ಇವ್ರು. ಅವ್ಳಿಗೆ ನಾನು ಬರೋದೇ ಬೇಡ ಅನ್ಸುತ್ತೆ ಚಿಕ್ಕಮ್ಮಾ."

"ಬೇಡ ಅಂದಿದ್ರೆ ಸುಮ್ನೆ ಇರ್ತಿದ್ಲು. ಇಷ್ಟುದ್ದ ಬರೆಯೋಳಲ್ಲ ಅವ್ಳು," ಎಂದು ಎರ್ಮಿಂದಾ ಮಟೆ ಸೊಪ್ಪಿನ ಬಿಸಿ ಕಷಾಯದ ಸೋರೆಬುರುಡೆಯನ್ನು ಅವಳ ಕೈಗಿತ್ತಳು. "ಕುಡಿ. ಮುಖ ನೋಡು, ಹಾಲು ಒಡೆದ ಹಾಗಿದೆ."

ಶುಕ್ರವಾರವೂ ಜೌಗಿನಲ್ಲೇ ಮುಗಿಯಿತು. ಶನಿವಾರ ಮಧ್ಯಾಹ್ನ ಯಾಸ್ನಾಗೆ ಹೆಜ್ಜೆಯಿಡುವ ಮನಸ್ಸೇ ಬರಲಿಲ್ಲ. ಎಚ್ಚರವಾದ ದಂಡೆಯಲ್ಲೇ ಗೊಂಬೆಯನ್ನು ಕೂರಿಸಿ, ಅಲೆ ತಂದೊಗೆದ ಕಟ್ಟಿಗೆಯನ್ನು ಒಟ್ಟಿ ಬೆಂಕಿ ಹಾಕಿದಳು. ಹಾಗೆ ಕೂತಾಗಲೇ ಮೊದಲ ಬಾರಿಗೆ ಆ ದಂಡೆ ಕಣ್ಣಿಗೆ ಬಿತ್ತು. ನೀರು ಹಿಂದೆ ಸರಿಯುತ್ತಿತ್ತು. ಇಳಿತದ ಹೊತ್ತಿಗೆ ಬಂಡೆಗಳ ಕಪ್ಪು ಅಂಚು ಹೇಗೆ ಮೇಲೇಳಬೇಕೋ ಹಾಗೇ ಎದ್ದಿತ್ತು. ಅದರ ತುಂಬ ಚಿಪ್ಪುಮೀನು ಗೊಂಚಲು ಗೊಂಚಲಾಗಿ ಕಚ್ಚಿಕೊಂಡಿತ್ತು. ಇದನ್ನು ಮಾಡಿದವರು ಯಾರೋ ಒಂದು ನಿಜವಾದ ಕಡಲನ್ನು ಕೂತು ನೋಡಿದ್ದಾರೆ ಅನ್ನಿಸಿತು.

"ಗೊಂಬೆ ಹೊಟ್ಟೆ ಹತ್ರ ಏನದು ಕೆಂಪಗೆ ಮಿನುಗ್ತಿರೋದು?" ಚಿಕ್ಕಮ್ಮ ಕನ್ನಡಕ ಏರಿಸಿದಳು.

"ಹಸಿವು. ವಾರದಿಂದ ಹಾಗೇ ಇದೆ. ಅದಕ್ಕೇ ಓಡೋಕೂ ಆಗ್ತಿಲ್ಲ."

"ಎದುರಿಗೆ ಬಂಡೆ ತುಂಬ ಚಿಪ್ಪಿದೆಯಲ್ಲೇ!"

"ಪರೀಕ್ಷೆ ಆಗಿಲ್ಲ," ಎಂದಳು ಯಾಸ್ನಾ.

ಚಿಕ್ಕಮ್ಮ ಬುರುಡೆಯನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. ಯಾಸ್ನಾಗೂ ತಾನು ಅಂದದ್ದು ಆಗಲೇ ಕಿವಿಗೆ ಬಿದ್ದಿದ್ದು. ಮೊದಲು ಚಿಕ್ಕಮ್ಮನ ಹೊಟ್ಟೆ ಕುಲುಕಿತು, ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ನಿನ್ನ! ಊಟದ ಮಧ್ಯೆ ಕೂರಿಸಿ ಉಪವಾಸ ಕೆಡವಿದ್ಯಲ್ಲೇ ಅದನ್ನ! ಆ ಮಗು ಓಡಿಹೋಗಿದ್ರಲ್ಲಿ ಆಶ್ಚರ್ಯ ಇಲ್ಲ ಕಣೇ."

ನಗು ಅಲ್ಲಿಗೇ ನಿಂತಿತು. ಎರ್ಮಿಂದಾ ಏನೋ ಸರಿಮಾಡಲು ಬಾಯಿ ತೆರೆದಳು. ಯಾಸ್ನಾ ಬೇಡವೆಂದು ತಲೆಯಾಡಿಸಿ, ಗೊಂಬೆಯನ್ನು ಬಂಡೆಗೆ ಕರೆದೊಯ್ದು ಚಿಪ್ಪು ಕೀಳಿಸಿ ಬೆಂಕಿಯಲ್ಲಿ ಸುಟ್ಟು ತಿನ್ನಿಸಿದಳು. ತಿನ್ನಿಸಿ ಉಸಿರು ಬಿಗಿಹಿಡಿದು ಕಾದಳು. ಗೊಂಬೆಗೆ ಏನೂ ಆಗಲಿಲ್ಲ. ಕೆಂಪು ಮಿನುಗು ಆರಿಹೋಯಿತು.

ಆಟದೊಳಗೆ ಇರುಳಾಯಿತು. ಬೆಂಕಿಯಿದ್ದಲ್ಲಿಗೆ ತೋಳ ಬರಲಿಲ್ಲ. ಆಕಾಶದಲ್ಲಿ ಚಿಕ್ಕಂದಿನಿಂದ ಕಂಡ ನಾಲ್ಕು ನಕ್ಷತ್ರಗಳ ಶಿಲುಬೆ ಎಲ್ಲೂ ಇರಲಿಲ್ಲ. ಕಡಲನ್ನು ಅಷ್ಟು ಚೆನ್ನಾಗಿ ನೋಡಿದವರು ಆಕಾಶವನ್ನು ಮಾತ್ರ ಮನಬಂದಂತೆ ಚೆಲ್ಲಿದ್ದಾರೆ ಅಂದುಕೊಂಡಳು. ಬೆಳಗಾಗುವ ಸೂಚನೆ ಕಂಡಾಗ ಗೊಂಬೆಯ ಬೆನ್ನನ್ನು ಸಮುದ್ರಕ್ಕೆ ಮಾಡಿ, ಬೆಟ್ಟದ ಕಡೆ ತಿರುಗಿಸಿ ಸೂರ್ಯನಿಗೆ ಕಾದಳು.

ಬೆಟ್ಟದ ಹಿಂದಿನಿಂದ ಸೂರ್ಯ ಏಳಲಿಲ್ಲ. ಗೊಂಬೆಯ ನೆರಳು ಮಾತ್ರ ಉದ್ದಕ್ಕೆ, ಬೆಟ್ಟದತ್ತ, ಮುಂದಕ್ಕೆ ಬಿತ್ತು.

ಯಾಸ್ನಾ ಸರಕ್ಕನೆ ಅದನ್ನು ತಿರುಗಿಸಿದಳು. ಸೂರ್ಯ ಕಡಲಿನೊಳಗಿಂದ ಏಳುತ್ತಿದ್ದ.

"ಚೆನ್ನಾಗಿದೆ," ಎಂದಳು ಚಿಕ್ಕಮ್ಮ.

"ಚಿಕ್ಕಮ್ಮಾ, ಅದು ಪಡುವಣ ಅಂದ್ಕೊಂಡಿದ್ದೆ ನಾನು."

ಅವಳು ಎದ್ದು ನಿಂತು, ಟಿವಿಯ ಮುಂದೆ ಎರಡೂ ತೋಳು ಚಾಚಿದಳು. ಮುಖ ಮೂಡಣಕ್ಕಿದ್ದರೆ ಉತ್ತರ ಎಡಗೈಗೆ. ಸೂರ್ಯ ಏರುತ್ತ ಎಡಕ್ಕೆ ವಾಲಬೇಕು. ದಾಲ್ಕಾವೆಯಲ್ಲಿ ದಿನವೂ ವಾಲುವುದು ಹಾಗೆಯೇ. ಪರದೆಯ ಮೇಲಿನ ಸೂರ್ಯ ಏರಿ ಏರಿ ಬಲಕ್ಕೆ ವಾಲಿದ. ಈ ಆಟ ಕಟ್ಟಿದವರು ಭೂಮಿಯ ಉತ್ತರದ ಅರ್ಧದವರು. ಅವರ ನಡುಹಗಲು ದಕ್ಷಿಣದಲ್ಲಿ. ಆ ಆಕಾಶವೂ ಮನಬಂದಂತೆ ಚೆಲ್ಲಿದ್ದಲ್ಲ, ಅವರು ಹುಟ್ಟಿದಾಗಿನಿಂದ ಕಂಡದ್ದು. ಇಡೀ ವಾರ ಅವಳು ಒಂದಿಷ್ಟೂ ದಾರಿತಪ್ಪದೆ, ಎಚ್ಚರಿಕೆಯಿಂದ, ದಕ್ಷಿಣಕ್ಕೆ ನಡೆದಿದ್ದಳು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಟ ಮೋಸ ಮಾಡಿರಲಿಲ್ಲ. ಅದಕ್ಕೆ ಅದರದೇ ನಿಯಮವಿತ್ತು, ಅದನ್ನು ಒಮ್ಮೆಯೂ ಮುರಿದಿರಲಿಲ್ಲ. ಕೂತು ನೋಡದೆ ಹೋದವಳು ತಾನು. ಸೂರ್ಯನಿಗೆ ಬೆನ್ನುಹಾಕಿ ಹೊರಟ ಗೊಂಬೆಗೆ ಬಂಡೆಸಾಲು ಸಿಕ್ಕಿತು, ಹಕ್ಕಿಗಳು ಗೂಡುಕಟ್ಟಿದ ಒಡೆದ ಹಡಗು ಸಿಕ್ಕಿತು, ಏರಿ ನೋಡಿದರೆ ದೂರದಲ್ಲಿ ಹೊಳೆಯ ಬಿಳಿ ಗೆರೆ ಕಂಡಿತು. ಚಿಕ್ಕಮ್ಮ ಮನೆಗೆ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಹಡಗಿನ ಮರೆಯಲ್ಲಿ ಬೆಂಕಿ ಹಾಕಿ ಗೊಂಬೆಯನ್ನು ಮಲಗಿಸಿ ಎದ್ದಾಗ ತುಟಿಯ ಮೇಲೆ ಹಾಡೊಂದು ಇತ್ತು. ಅದು ಗೊತ್ತಾದೊಡನೆ ಹೆದರಿದಳು. ಇಷ್ಟು ದೂರ ಬಂದ ಮೇಲೆ ಸತ್ತರೆ?

ಭಾನುವಾರ ಗಾಳಿಮಳೆ. ತಗಡಿನ ಮಾಡು ಧಡಧಡಿಸುತ್ತಿತ್ತು. ಇಂಥ ಗಾಳಿಗೆ ದಾಲ್ಕಾವೆಯಲ್ಲಿ ಕರೆಂಟು ಹೋಗದೆ ಇರುವುದೇ ಅಪರೂಪ. ದೀಪ ಮಿಟುಕಿದಾಗಲೆಲ್ಲ ಯಾಸ್ನಾ ಪರದೆಗೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದಳು. ಆಟದೊಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಅಲ್ಲಿ ನಿಂತಳು. ಕಡಲಿನ ಇಳಿತ ಹೊಳೆಯ ಬಾಯನ್ನೂ ಇಳಿಸಲೇಬೇಕು. ಪರದೆಯ ಬೆಳಕು ಹಳದಿಗೆ ತಿರುಗುತ್ತಿದ್ದರೂ ಹಲ್ಲುಕಚ್ಚಿ ಕಾದಳು. ಮರಳಿನ ದಿಬ್ಬ ಮೇಲೆದ್ದ ಮೇಲೆ ದಾಟಿದಳು.

ದೀಪಸ್ತಂಭದ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿದಳು, ಇಳಿದಳು, ಸುತ್ತ ಓಡಿದಳು. ಯಾರೂ ಇಲ್ಲ. ಕತ್ತಲಾಗತೊಡಗಿತು. ಕೈ ತಾನಾಗಿ ಫೋನಿಗೆ ಹೋಗಿ, ಹೆಬ್ಬೆರಳು ಮಗಳ ಹೆಸರಿನ ಮೇಲೆ ನಿಂತಿತು. ಮಾಡಬೇಡವೆಂದಿದ್ದಳು. ಆದರೆ ಏನಾದರೂ ಆಗಿದ್ದರೆ? ಅಲ್ಲೂ ಕರೆಂಟು ಹೋಗಿದ್ದರೆ, ಜ್ವರ ಬಂದಿದ್ದರೆ, ರಸ್ತೆಯಲ್ಲಿ... ಫೋನನ್ನು ಮಗುಚಿ ದಿಂಬಿನಡಿ ತುರುಕಿದಳು. ಸ್ತಂಭದ ಬುಡದಲ್ಲಿ ಬೆಂಕಿ ಹಾಕಿ ಗೊಂಬೆಯನ್ನು ಕೂರಿಸಿದಳು.

"ಹೊಳೆ ಹತ್ರ ಯಾಕಷ್ಟು ಹೊತ್ತು ನಿಂತಿದ್ದೆ?"

ಈ ಆಟದಲ್ಲಿ ಗೊಂಬೆಗಳು ಹತ್ತಿರ ಬಂದರೆ ಮಾತ್ರ ದನಿ ಕೇಳುತ್ತದೆ. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ, ಬೆನ್ನ ಹಿಂದೆಯೇ ನಿಂತಂತೆ, ಅನಾಯಿ. ಕೈಯಲ್ಲಿ ಲಾಟೀನು ಹಿಡಿದ ಗೊಂಬೆ ಬೆಂಕಿಯ ಬೆಳಕಿಗೆ ಬಂತು.

"ಇಳಿತಕ್ಕೆ ಕಾಯ್ತಿದ್ದೆ," ಎಂದಳು ಯಾಸ್ನಾ.

"ಅಲ್ಲಿ ಇಳಿತ ಬೇರೆ ಇದೆಯಾ? ನಾನು ಪ್ರತಿಸಲ ಈಜ್ಕೊಂಡೇ ದಾಟೋದು."

"ಆ ಥಂಡಿ ನೀರಲ್ಲಿ? ನಿಂಗೇನು..." ಉಳಿದದ್ದನ್ನು ನುಂಗಿದಳು. "ನೀನು ನೋಡ್ತಿದ್ಯಾ ನನ್ನ?"

"ಮೇಲಿನ ಬಂಡೆಯಿಂದ. ಒಬ್ರನ್ನ ಹಾಗೆ ನೋಡ್ತಾ ಕೂರೋದು ಹೇಗಿರುತ್ತೆ ಅಂತ."

"ಹೇಗಿತ್ತು?"

ಲಾಟೀನಿನ ಗೊಂಬೆ ಬೆಂಕಿಯ ಪಕ್ಕ ಕೂತಿತು. "ಭಯ ಆಯ್ತು. ಹಿಂದಿಂದ ತೋಳ ಬಂದ್ರೆ ಅಂತ. ಕೂಗಿದೆ ಕೂಡ. ದೂರಕ್ಕೆ ಕೇಳ್ಸಲ್ಲ."

ಯಾಸ್ನಾ ತನ್ನ ಗೊಂಬೆಯನ್ನು ಅವಳತ್ತ ತಿರುಗಿಸಿದಳು.

"ಉತ್ತರ ಹೇಗೆ ಸಿಕ್ತಮ್ಮ ನಿಂಗೆ?"

"ಸೂರ್ಯ ಸಮುದ್ರದಿಂದ ಹುಟ್ಟಿದ."

ಅನಾಯಿ ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು. "ಆ ಜೌಗಲ್ಲಿ ನಾನೂ ಸತ್ತು ಸತ್ತು ಸಾಕಾಗಿದ್ದೆ. ನಿಂಗೆ ಹೇಳೋಕೆ ಮರ್ತೋಯ್ತು." ಒಂದು ಕ್ಷಣ ತಡೆದು, "ಮರೀಲಿಲ್ಲ. ಬೇಕಂತಲೇ ಹೇಳ್ಲಿಲ್ಲ."

"ಗೊತ್ತಾಯ್ತು ಬಿಡು."

"ರಜೆಗೆ ಬರ್ತೀನಿ," ಎಂದಳು ಅನಾಯಿ, ಬೇಗ ಬೇಗ. "ಆದ್ರೆ ಯಾವ ದಿನ, ಯಾವ ಬಸ್ಸು ಅಂತ ಹೇಳಲ್ಲ. ಅಪ್ಪನ್ನೂ ಕೇಳ್ಬಾರ್ದು. ನಿಲ್ದಾಣಕ್ಕೆ ಬಂದು ನಿಲ್ಬಾರ್ದು. ನಾನೇ ಬಂದು ಬಾಗಿಲು ತಟ್ತೀನಿ."

ಎಷ್ಟು ದೂರದ ದಾರಿ. ಕೊನೆಗೆ ದ್ವೀಪಕ್ಕೆ ದಾಟಿಸುವ ದೋಣಿ, ಜುಲೈ ಚಳಿಗಾಲದ ಇಂಥ ಗಾಳಿ. ಯಾಸ್ನಾಳ ಎದೆಯೊಳಗೆ ಒಂದೊಂದೇ ಅಪಾಯ ಸಾಲಾಗಿ ಎದ್ದು ನಿಂತವು. ಅವಳು ಕಂಟ್ರೋಲರ್ ಅನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಮತ್ತೆ ಆಲೂಗಡ್ಡೆ ತುರಿದು ಮಿಲ್ಕಾವ್ ರೊಟ್ಟಿ ಯಾವಾಗ ಸುಡ್ಲಿ? ಬಿಸಿಯಾಗಿಲ್ದಿದ್ರೆ ನೀನು ಮುಟ್ಟಲ್ಲ."

"ನಾನು ಬಂದ್ಮೇಲೆ ಸುಡು. ಕಾಯ್ತೀನಿ."

ಲಾಟೀನಿನ ಗೊಂಬೆ ಎದ್ದಿತು. "ಈ ಕಾಡಿನಾಚೆ ನಂದೊಂದು ಗುಡಿಸ್ಲಿದೆ. ಹೊರಡ್ತೀನಿ. ಕತ್ತಲಾಯ್ತು." ಅದು ಮರಗಳತ್ತ ಓಡಿತು. "ಚಿಕ್ಕಜ್ಜಿಗೆ..." ಎಂದ ಮಾತು ನಡುವೆಯೇ ದೂರವಾಗಿ ಕೇಳದಾಯಿತು.

ಯಾಸ್ನಾಳ ಹೆಬ್ಬೆರಳು ಮುಂದಕ್ಕೊತ್ತಿತು. ಗೊಂಬೆ ಎದ್ದು ಕಾಡಿನ ಕಡೆ ಒಂದು ಹೆಜ್ಜೆ ಹಾಕಿತು. ಅವಳು ಬೆರಳು ತೆಗೆದಳು. ಲಾಟೀನಿನ ಬೆಳಕು ಮರಗಳ ಸಂದಿಯಲ್ಲಿ ಕಾಣುತ್ತ, ಮರೆಯಾಗುತ್ತ, ಮತ್ತೆ ಕಾಣುತ್ತ, ಕೊನೆಗೆ ಕಾಣದಾಯಿತು.

ಒದ್ದೆ ಶಾಲು ಕೊಡವುತ್ತ ಚಿಕ್ಕಮ್ಮ ಒಳಗೆ ಬಂದಳು. "ಸಿಕ್ಕಿದ್ಲಾ? ಏನಂದ್ಲು?"

"ಬರ್ತಾಳಂತೆ."

"ಯಾವತ್ತು?"

"ಗೊತ್ತಿಲ್ಲ," ಎಂದಳು ಯಾಸ್ನಾ. ಮಾಡಿನ ಮೇಲೆ ಗಾಳಿ ಹೊಡೆಯಿತು, ದೀಪ ಮಿಟುಕಿತು. ಪರದೆಯಲ್ಲಿ ಅವಳು ಗೊಂಬೆಯನ್ನು ಮತ್ತೆ ಕೂರಿಸಿ, ಕಾಡಿನಿಂದ ಯಾರಾದರೂ ತಿರುಗಿ ನೋಡಿದರೆ ಕಾಣಲೆಂದು, ಬೆಂಕಿಗೆ ಇನ್ನಷ್ಟು ಕಟ್ಟಿಗೆ ಒಡ್ಡಿದಳು.