ಬಿದ್ದವರನ್ನು ಕಂಡವರು

ಮೂರ್ಛೆರೋಗವನ್ನು ಗುರುತಿಸುವುದು ಹೇಗೆ, ಯಾರಿಗೆ ಯಾವ ಮಾತ್ರೆ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಎಲ್ಲ ಆಸ್ಪತ್ರೆಗಳಿಗೂ ಒಪ್ಪುವ ಒಂದು ಮಾರ್ಗಸೂಚಿ ಬರೆಯಲು ವೈದ್ಯರ ಸಮಿತಿಯೊಂದು ಕೂತಾಗ, ಔಷಧದ ಅಧ್ಯಾಯಗಳಿಗೆ ಎಲ್ಲರೂ ಮುಗಿಬಿದ್ದರು. ರೋಗ ಪತ್ತೆಯ ಅಧ್ಯಾಯ ಮಾತ್ರ ಯಾರಿಗೂ ಬೇಡವಾಗಿತ್ತು. ಅದರಲ್ಲೇನಿದೆ ಹೊಸದು, ಕೈಕಾಲು ಅದುರಿ ಬಿದ್ದರೆ ಫಿಟ್ಸ್, ಅಷ್ಟೇ ತಾನೆ ಎಂಬ ಧಾಟಿ. ಕೊನೆಗೆ ಅದು ಸಮಿತಿಯಲ್ಲೆಲ್ಲ ಕಿರಿಯಳಾದ ನರರೋಗದ ಡಾಕ್ಟರಮ್ಮನ ತಲೆಗೆ ಬಂತು.

ಅಧ್ಯಕ್ಷರು ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಯಾರು ಏನೇ ಹೇಳಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಪುರಾವೆ?" ಎನ್ನುವರು. ಊಟ ಚೆನ್ನಾಗಿದೆ ಎಂದರೂ ಪುರಾವೆ ಕೇಳುವ ಆಸಾಮಿ ಎಂದು ಹುಡುಗರು ಅವರಿಗೆ ಪುರಾವೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿ.

ಡಾಕ್ಟರಮ್ಮ ಸಂಶೋಧನಾ ವರದಿಗಳನ್ನು ಓದತೊಡಗಿದಳು. ಓದುತ್ತ ಓದುತ್ತ ಅವಳಿಗೆ ನಿದ್ದೆ ಬರುವ ಬದಲು ಇದ್ದ ನಿದ್ದೆಯೂ ಹಾರಿಹೋಯಿತು. ಮೂರ್ಛೆರೋಗ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಎಷ್ಟೋ ಜನರಿಗೆ ಆ ರೋಗವೇ ಇರಲಿಲ್ಲ. ಕೆಲವರದು ಬರೀ ತಲೆಸುತ್ತು, ಕೆಲವರದು ಮನಸ್ಸಿನ ಸಂಕಟ, ಇನ್ನು ಕೆಲವರದು ಹೃದಯದ ತೊಂದರೆ. ಹೃದಯ ಕ್ಷಣಕಾಲ ನಿಂತು ಮಿದುಳಿಗೆ ರಕ್ತ ಹೋಗದಿದ್ದರೂ ಮನುಷ್ಯ ಬೀಳುತ್ತಾನೆ, ಕೈಕಾಲು ಅದುರುತ್ತವೆ. ನೋಡುವವರ ಕಣ್ಣಿಗೆ ಎರಡೂ ಒಂದೇ.

ಆ ವಾರದ ಭಾನುವಾರ ಅವಳು ಸೋದರಮಾವನ ಮನೆಗೆ ಹೋದಳು. ಊರಿನ ಅರ್ಧ ಮಕ್ಕಳು ಈ ಮಾವನ ಅಂಗೈ ಮೇಲೆ ಮಲಗಿ ತೇಲುವುದು ಕಲಿತವರು. ಈಜುಕೊಳದ ತರಬೇತುದಾರ, ಎಲ್ಲರ ಬಾಯಲ್ಲೂ ಮೀನು ಮಾವ. ಮೂರು ವರ್ಷದ ಹಿಂದೆ ಒಂದು ದಿನ ಕೊಳದ ದಂಡೆಯಲ್ಲಿ ನಿಂತವರು ನಿಂತಂತೆಯೇ ಕುಸಿದರು. ಮಿದುಳಿನ ತರಂಗ ನೋಡುವ ಇಇಜಿಯಲ್ಲಿ ಏನೋ ಸಣ್ಣ ಏರುಪೇರು ಕಂಡಿತಂತೆ. ಫಿಟ್ಸ್ ಎಂದರು, ಮಾತ್ರೆ ಶುರುವಾಯಿತು, ನೀರಿಗಿಳಿಯುವುದು ಬಂದ್. ಅಂದಿನಿಂದ ಮಾವ ಕೊಳದ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಮನೆಯವರಿಗೆ ತಾನೇ ವೈದ್ಯೆಯಾಗಬಾರದು ಎಂಬ ನಿಯಮ ಡಾಕ್ಟರಮ್ಮನದು. ನೋಡುತ್ತಿದ್ದ ಡಾಕ್ಟರು ಒಳ್ಳೆಯವರೇ, ಅನುಭವಸ್ಥರೇ. ಅವಳು ಮೂಗು ತೂರಿಸಿರಲಿಲ್ಲ.

ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅತ್ತೆ ಅಡುಗೆಮನೆಯಿಂದಲೇ ಶುರು ಮಾಡಿದರು. "ಮೊನ್ನೆ ಮತ್ತೆ ಬಿದ್ರು ಕಣೆ ಪುಟ್ಟಿ. ಮಾತ್ರೆ ಜಾಸ್ತಿ ಮಾಡಿದಷ್ಟೂ ಬೀಳೋದೂ ಜಾಸ್ತಿ. ಔಷಧಿ ರೋಗಕ್ಕೋ, ರೋಗ ಔಷಧಿಗೋ, ಒಂದೂ ತಿಳೀತಿಲ್ಲ."

ಡಾಕ್ಟರಮ್ಮನಿಗೆ ಚುರುಕ್ ಎಂದಿತು. ನಿಯಮವನ್ನು ಅತ್ತ ಸರಿಸಿ ಹೇಳಿದಳು, "ಅತ್ತೆ, ಇಲ್ಲಿ ಬಂದು ಕೂತ್ಕೊಳ್ಳಿ. ನೀವು ಕಣ್ಣಾರೆ ಕಂಡಿದ್ದನ್ನ ಮೊದಲಿಂದ ಹೇಳಿ. ಯಾರೋ ಹೇಳಿದ್ದು ಬೇಡ."

"ಹೇಳೋದೇನು, ತೋರಿಸ್ತೀನಿ" ಎಂದು ಅತ್ತೆ ಸೆರಗು ಸಿಕ್ಕಿಸಿ ನಡುಮನೆಯಲ್ಲಿ ನಿಂತರು. "ಹೀಗೆ ಬಟ್ಟೆ ಒಣಗಿಸ್ತಾ ನಿಂತಿದ್ರು. ಮುಖ ಸುಣ್ಣ ಬಳಿದ ಗೋಡೆ ಹಾಗೆ ಬಿಳುಚಿಕೊಳ್ತು. ಆಮೇಲೆ ಧೊಪ್!" ಅತ್ತೆ ನಿಜವಾಗಿಯೇ ನೆಲಕ್ಕೆ ಬಿದ್ದು ಎರಡು ಸಲ ಕೈ ಒದರಿದರು. ಸದ್ದಿಗೆ ಮಾವ ಬೆಚ್ಚಿ ಕಣ್ಣು ಬಿಟ್ಟು, "ಇವಳಿಗೂ ಬಂತಾ?" ಎಂದರು.

"ನೀವು ಸುಮ್ನಿರಿ" ಎಂದು ಅತ್ತೆ ಮಲಗಿದಲ್ಲಿಂದಲೇ ಗದರಿದರು. "ಅಷ್ಟೇ ಪುಟ್ಟಿ. ಕಣ್ಣು ಮುಚ್ಚಿ ಬಿಡೋದರೊಳಗೆ ಎದ್ದು ಕೂತ್ಕೊಂಡು, ಯಾಕೆ ಎಲ್ಲಾ ಹೀಗೆ ನೋಡ್ತಿದ್ದೀರಾ ಅಂತ ನಮ್ಮನ್ನೇ ಕೇಳ್ತಾರೆ. ಆಗ ಮುಖ ಕೆಂಪಗೆ, ಬಿಸಿಲಲ್ಲಿ ನಿಂತು ಬಂದವರ ಹಾಗೆ."

"ಎದ್ದ ಮೇಲೆ ತೊದಲ್ತಾರಾ? ನಾಲಿಗೆ ಕಚ್ಚಿಕೊಂಡಿದ್ದು ಉಂಟಾ? ಮಂಕು ಕವಿದ ಹಾಗೆ ಇರ್ತಾರಾ?"

"ಮಂಕು ಕವಿಯೋದು ಮಾತ್ರೆ ತಗೊಂಡ ಮೇಲೆ. ಬಿದ್ದೆದ್ದಾಗ ನೆಟ್ಟಗೇ ಇರ್ತಾರೆ."

ಮೊದಲು ಬಿಳುಪು, ಎದ್ದ ಮೇಲೆ ಕೆಂಪು, ಕೂಡಲೇ ಪೂರ್ತಿ ಎಚ್ಚರ. ಮಿದುಳಿಗಿಂತ ಹೃದಯದ ಕಡೆಗೇ ಬೆರಳು ತೋರಿಸುವ ಲಕ್ಷಣ. ಮೂರು ವರ್ಷದಲ್ಲಿ ಮಾವನ ಎದೆಗೆ ಯಾರೂ ಇಸಿಜಿಯ ತಂತಿ ಅಂಟಿಸಿರಲಿಲ್ಲ. ಮರುದಿನವೇ ಮಾಡಿಸಿದರೆ ಬಡಿ ಎಂದು ಹೇಳುವ ವಿದ್ಯುತ್ ಸಂದೇಶ ಹೃದಯದೊಳಗೆ ಕೆಳಗಿಳಿಯುವ ದಾರಿಯಲ್ಲಿ ಅಡಚಣೆ ಕಂಡಿತು. ಹೃದ್ರೋಗದ ಡಾಕ್ಟರು ಬಡಿತ ದಾಖಲಿಸುವ ಪುಟ್ಟ ಯಂತ್ರವೊಂದನ್ನು ಎದೆಗೆ ಕಟ್ಟಿ ಕಳಿಸಿದರು. ವಾರ ತುಂಬುವ ಮೊದಲೇ ಮಾವ ಮತ್ತೆ ಬಿದ್ದರು, ಯಂತ್ರ ಕಳ್ಳನನ್ನು ಹಿಡಿಯಿತು: ಬಿದ್ದ ಗಳಿಗೆಯಲ್ಲಿ ಬಡಿತವೇ ಇರಲಿಲ್ಲ. ಮಾವ ನುಂಗುತ್ತಿದ್ದ ಮಾತ್ರೆ ಮೂರ್ಛೆರೋಗಕ್ಕೆ ಒಳ್ಳೆಯದೇ. ಆದರೆ ಇಂಥ ಹೃದಯವನ್ನು ಇನ್ನಷ್ಟು ನಿಧಾನ ಮಾಡುವಂಥದ್ದು. ಅತ್ತೆಯ ಗೊಣಗಾಟದಲ್ಲಿ ಹುರುಳಿತ್ತು. ಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರ್ ಎದೆಯಲ್ಲಿ ಕೂತಿತು, ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸತೊಡಗಿದರು.

ಮುಂದಿನ ಸಭೆಗೆ ಡಾಕ್ಟರಮ್ಮ ಹೊಟ್ಟೆ ತುಂಬ ಮಾತು ಇಟ್ಟುಕೊಂಡೇ ಹೋದಳು. ಮಾವನ ಕತೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದಳು. ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಆಮೇಲೆ ಮೆತ್ತಗೆ ಹೇಳಿದರು:

"ನಿಮ್ಮ ಮಾವ ಉಳಿದರಲ್ಲ, ಸಂತೋಷ. ಆದರೆ ಒಬ್ಬ ಮಾವ ಪುರಾವೆ ಅಲ್ಲ. ನಾಳೆ ಇನ್ನೊಬ್ಬರು ತಮ್ಮ ಚಿಕ್ಕಪ್ಪನ್ನ ಕರ್ಕೊಂಡು ಬರ್ತಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಅಮ್ಮಾ. ವರದಿಗಳನ್ನ ನೀವೊಬ್ಬರೇ ಓದಬೇಡಿ. ನಮ್ಮ ಸಮಿತಿಯ ಮಕ್ಕಳ ಡಾಕ್ಟರೂ ಬೇರೆಯಾಗಿ ಓದಲಿ, ಆಮೇಲೆ ತಾಳೆ ಹಾಕಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಸಾಯಬಹುದಾಗಿದ್ದ ಮನುಷ್ಯ ಇವರ ತಕ್ಕಡಿಯಲ್ಲಿ ಗುಲಗಂಜಿ ತೂಕಕ್ಕೂ ಇಲ್ಲವೇ? ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮೇಷ್ಟ್ರ ಜೊತೆ ಜಗಳ ಆಡಿದಳು, ಪ್ರತಿಸಲವೂ ತಾನೇ ಗೆದ್ದಳು. ಆದರೆ ಮರುದಿನ ಕೂತು ಓದುವಾಗ, ತನಗೆ ಹಿಡಿಸಿದ ವರದಿಗೆ ತಲೆದೂಗುತ್ತ, ಹಿಡಿಸದ್ದರಲ್ಲಿ ಹುಳುಕು ಹುಡುಕುತ್ತಿರುವುದು ತಾನೇ ಎಂದು ಅವಳಿಗೆ ಕಂಡಿತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ.

ಮಕ್ಕಳ ಡಾಕ್ಟರೂ ಅವಳೂ ಬೇರೆಬೇರೆ ಕೋಣೆಗಳಲ್ಲಿ ಓದಿದರು, ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ. ತಾಳೆ ಹಾಕುವಾಗ ಹಾವು ಮುಂಗುಸಿಯ ಹಾಗೆ ಕಾದಾಡಿದರು. ಪ್ರಜ್ಞೆ ತಪ್ಪಿ ಬಿದ್ದ ಪ್ರತಿಯೊಬ್ಬರಿಗೂ ದಿನಗಟ್ಟಲೆ ಬಡಿತದ ಯಂತ್ರ ಕಟ್ಟಬೇಕು ಎಂಬ ಸಾಲು ಅವಳಿಗೆ ಬಲು ಪ್ರೀತಿಯದು. ಅದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಅವಳೇ ಅಳಿಸಿದಳು.

ತೀರ್ಮಾನದ ಸಭೆಯಲ್ಲಿ ಅವಳು ಮಾವನ ಹೆಸರೆತ್ತಲಿಲ್ಲ. ಆಧಾರ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಎದುರು ಮಾತಾಡಿದವರು ಸಮಿತಿಯಲ್ಲಿದ್ದ ಸಣ್ಣ ಕ್ಲಿನಿಕ್ಕಿನ ಡಾಕ್ಟರೊಬ್ಬರು.

"ನನ್ನಲ್ಲಿ ಇಸಿಜಿ ಯಂತ್ರ ಇರೋದು ಎದೆನೋವಿನವರಿಗೆ. ಫಿಟ್ಸ್ ಬಂದವರನ್ನ ನಿಮ್ಮಂಥವರ ಹತ್ರ ಕಳಿಸಿದ್ರೆ ಮುಗೀತಲ್ಲ? ನಾನ್ಯಾಕೆ ಅವರ ಎದೆ ನೋಡ್ಲಿ?"

"ನಮ್ಮ ಹತ್ರ ಬರೋ ಹೊತ್ತಿಗೆ ತಿಂಗಳುಗಳಾಗಿರುತ್ತೆ ಸಾರ್" ಎಂದಳು. "ಬಿದ್ದಿದ್ದನ್ನ ಕಂಡವರು ಆಗ ಜೊತೆಗೆ ಬರೋದೂ ಇಲ್ಲ. ಮೊದಲು ಅವರು ಬರೋದು ನಿಮ್ಮ ಬಾಗಿಲಿಗೇ. ಅಲ್ಲಿ ಸಿಗೋ ಮಾತು ನಮಗೆ ಸಿಗಲ್ಲ."

ಅವರು ಗಲ್ಲ ಕೆರೆದುಕೊಂಡರು. "ಸರಿ ಹಾಗಾದ್ರೆ. ಆದ್ರೆ ಪುರಾಣ ಬರೀಬೇಡಿ. ಒಬ್ಬ ರೋಗಿ ಎದ್ದು ಹೋಗಿ ಇನ್ನೊಬ್ಬ ಬರೋದರೊಳಗೆ ನಾನು ಓದಿ ಮುಗಿಸೋ ಹಾಗಿರಬೇಕು."

ಎಲ್ಲರೂ ಸೇರಿ ಮಧ್ಯಾಹ್ನವೆಲ್ಲ ಹಿಂಜಿ ಹಿಂಜಿ ಮೂರೇ ವಾಕ್ಯ ಉಳಿಸಿದರು. ಪ್ರಜ್ಞೆ ತಪ್ಪಿ ಬಿದ್ದವರು ಬಂದರೆ ನೋಡಿದವರನ್ನು ಕೇಳಿ. ಎಲ್ಲರಿಗೂ ಇಸಿಜಿ ಮಾಡಿ. ಇಇಜಿ ಒಂದನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ. ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ಮೇಷ್ಟ್ರದು.

ಹೊರಗೆ ಬಂದ ಮೇಲೆ ಮೇಷ್ಟ್ರು ಕೇಳಿದರು, "ಮಾವ ಹೇಗಿದ್ದಾರೆ?"

"ಪುರಾವೆ ಬೇಕಾ ಸಾರ್?" ಎಂದು ನಕ್ಕು ಅವಳು ಅವರನ್ನು ನೇರ ಈಜುಕೊಳಕ್ಕೆ ಕರೆದುಕೊಂಡು ಹೋದಳು. ಗಾಯ ಮಾಗಿ, ಹೃದ್ರೋಗದ ಡಾಕ್ಟರು ಹೂಂ ಅಂದ ಮೇಲೆ ಮಾವ ಮತ್ತೆ ನೀರಿಗಿಳಿದಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹೆದರಿ ಏಣಿಯ ಕಂಬಿ ತಬ್ಬಿದ್ದ ದಪ್ಪನೆಯ ಮಹನೀಯರೊಬ್ಬರಿಗೆ ಉಸಿರು ಬಿಡುವುದು ಕಲಿಸುತ್ತಿದ್ದರು. ದಂಡೆಯ ಮೇಲಿದ್ದ ಮೇಷ್ಟ್ರನ್ನು ನೋಡಿ, "ನಿಮಗೂ ಈಜು ಬರಲ್ವಾ? ಇಳೀರಿ, ನಾನಿದ್ದೀನಿ" ಎಂದು ಕೂಗಿದರು. ಆ ದನಿಯಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ. ಮೇಷ್ಟ್ರು ಷೂ ಬಿಚ್ಚಿ ಕಾಲನ್ನಷ್ಟೇ ನೀರಿಗೆ ಬಿಟ್ಟು ಕೂತರು. ಬಹಳ ಹೊತ್ತು ಏಳಲಿಲ್ಲ.

ಮಾರ್ಗಸೂಚಿ ಆಸ್ಪತ್ರೆಗಳಿಗೆ ತಲುಪಿ ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮನಿಗೆ ಸಣ್ಣ ಕ್ಲಿನಿಕ್ಕಿನ ಡಾಕ್ಟರ ಫೋನ್ ಬಂತು.

"ಒಂದು ಹುಡುಗಿ ಬಂದಿದ್ದಾಳೆ. ಪಾಠ ಕೇಳ್ತಾ ಕೇಳ್ತಾ ಸುಮ್ನೆ ಶೂನ್ಯ ನೋಡ್ತಾಳೆ, ತುಟಿ ಚಪ್ಪರಿಸ್ತಾಳೆ. ಟೀಚರು ಗಮನ ಇಲ್ಲ ಅಂತ ಬೈತಾ ಇದ್ರಂತೆ. ಒಂದು ಸಲ ಬಿದ್ದೂ ಬಿಟ್ಟಳು. ಇಸಿಜಿ ಮಾಡ್ದೆ, ಏನೂ ತೊಂದರೆ ಇಲ್ಲ. ಆಮೇಲೆ ಆ ಟೀಚರನ್ನೇ ಕರೆಸಿ ಕೂರಿಸಿ ಕೇಳ್ದೆ. ಬಿದ್ದ ಮೇಲೆ ತುಂಬಾ ಹೊತ್ತು ತನ್ನ ಹೆಸರೂ ಗೊತ್ತಿರಲಿಲ್ಲವಂತೆ. ಇದು ಮೂರ್ಛೆರೋಗವೇ ಅನ್ಸುತ್ತೆ, ಅಲ್ವಾ?"

"ಹಾಗೇ ಅನ್ಸುತ್ತೆ ಸಾರ್. ನಾಳೆ ಕಳಿಸಿ, ನೋಡೋಣ. ಸರಿಯಾದ ಮಾತ್ರೆ ಕೊಟ್ರೆ ಹತ್ತರಲ್ಲಿ ಏಳು ಜನಕ್ಕೆ ಹತೋಟಿಗೆ ಬರುತ್ತೆ ಅಂತ ಅವಳ ಅಪ್ಪ ಅಮ್ಮನಿಗೆ ಹೇಳಿ."

"ಹೇಳ್ದೆ. ಅಪ್ಪ ಅಮ್ಮನಿಗಿಂತ ಜಾಸ್ತಿ ಅತ್ತಿದ್ದು ಟೀಚರು" ಎಂದರು ಅವರು. "ನಾಳೆ ಹುಡುಗಿ, ಅಪ್ಪ ಅಮ್ಮನ ಜೊತೆ ಟೀಚರೂ ಬರ್ತಾರಂತೆ. ಎರಡು ಕುರ್ಚಿ ಜಾಸ್ತಿ ಹಾಕ್ಸಿ."

ಅವಳು ಫೋನ್ ಇಟ್ಟು, ಪಕ್ಕದ ಕೋಣೆಯಿಂದ ಕುರ್ಚಿಗಳನ್ನು ತಾನೇ ಎಳೆದು ತರಲು ಎದ್ದಳು.