ಧನ್ಯಾಳ ಬಲಗೈ, ಗಂಗಾಶ್ರೀಯ ಕಣ್ಣೀರು

ಕುಪ್ಪಗಡ್ಡೆಯ ಗಂಗಾಶ್ರೀ ಹೆಂಚಿನ ಮೇಲೆ ರೊಟ್ಟಿ ಮಗುಚುತ್ತಿದ್ದಳು. ಬೆನ್ನ ಹಿಂದೆ ಪಟ್, ಪಟ್ ಎಂಬ ಸದ್ದು. ತಿರುಗಿದರೆ, ಏಳು ವರ್ಷದ ಮಗಳು ಧನ್ಯಾ ತನ್ನ ಬಲಗೈಗೆ ತಾನೇ ಹೊಡೆದುಕೊಳ್ಳುತ್ತಿದ್ದಾಳೆ. ತೋಳು ಕೆಂಪಾಗಿದೆ.

“ಏ, ಬಿಡೇ!” ಓಡಿ ಬಂದು ತಬ್ಬಿಕೊಂಡಳು. ಅಳು ಬಂದೇಬಿಟ್ಟಿತು. ಹುಟ್ಟಿದಾಗಿನಿಂದ ಆ ಕೈಗೆ ಬಲವಿಲ್ಲ, ಮೇಲೆತ್ತಲು ಬಾರದು.

ಅತ್ತೆ ರಾಜೇಶ್ವರಮ್ಮ ಒಳಗಿಂದಲೇ ಅಂದರು: “ಬಸ್ರಿದ್ದಾಗ ಗ್ರಹಣದ ದಿನ ಈಳಿಗೆಮಣೆ ಮುಟ್ಬ್ಯಾಡ ಅಂದೆ. ಕೇಳಿದ್ಯಾ? ಈಗ ಅತ್ರೆ ಆತಾ?”

ಏಳು ವರ್ಷದಿಂದ ಕೇಳುತ್ತಿದ್ದ ಮಾತು. ಗಂಗಾಶ್ರೀ ಅದನ್ನು ನಂಬಿಯೂ ಇದ್ದಳು. ಮಗಳು ಎಡಗೈಯಲ್ಲಿ ಉಂಡರೆ ಜನ ಆಡಿಕೊಂಡಾರೆಂದು ತುತ್ತು ತಾನೇ ಇಡುವಳು. ಶಾಲೆಯಲ್ಲಿ ಧನ್ಯಾ ಬಿಸಿಯೂಟಕ್ಕೆ ಕೂರದೆ ಹಸಿದೇ ಬರುತ್ತಿದ್ದಳು. ‘ಏನು ಮಾಡೋಣ, ತಿಳಿಸಿ’ ಎಂದು ಟೀಚರು ಚೀಟಿ ಕಳಿಸಿ ನಾಲ್ಕು ತಿಂಗಳಾಗಿತ್ತು. ಏನೆಂದು ಉತ್ತರ ಬರೆಯುವುದು?

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸಂಗೀತ ಬಂದಳು. ತೋಳು ನೋಡಿ, ಧನ್ಯಾಳ ಪಕ್ಕ ನೆಲದಲ್ಲೇ ಕೂತಳು.

“ಯಾಕ್ ಪುಟ್ಟಿ ಹೊಡ್ಕಂಡಿ?”

ರೊಟ್ಟಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

“ಈ ಕೈ ನೋಡಿದ್ರೆ ಅಮ್ಮ ಅಳ್ತಾಳೆ. ಕತ್ತರ್ಸಿ ಹಾಕಿದ್ರೆ ಅಳಲ್ಲ, ಅಲ್ವಾ?” ಎಂದಳು ಧನ್ಯಾ.

ಗಂಗಾಶ್ರೀ ಮಗಳನ್ನು ತನ್ನತ್ತ ತಿರುಗಿಸಿಕೊಂಡಳು. “ನಿನ್ ಕೈಗಲ್ಲ ಕಣೆ, ನಂದೇ ತಪ್ಪು ಅಂತ ಅಳ್ತಿದ್ದೆ.”

ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದರು.

“ರಾಜೇಶ್ವರಮ್ಮಾರೇ, ಗ್ರಹಣ ಊರಿಗೆಲ್ಲ ಹಿಡೀತಲ್ಲ, ನಿಮ್ ಸೊಸೆಗೊಂದೇ ತಾಗ್ತಾ?” ಎಂದಳು ಸಂಗೀತ. “ಹೆರಿಗೇಲಿ ಮಗೀನ ಭುಜ ಸಿಕ್ಕಾಕ್ಕೊಂಡು ಕತ್ತಿನ ಹತ್ರದ ನರಕ್ಕೆ ಪೆಟ್ಟಾತು. ತಾಯಿ ತಪ್ಪು ಏನೂ ಇಲ್ರೀ. ಕೈಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬ್ಯಾಡಿ. ಆದ್ರೆ ಮೊದ್ಲು ಇವ್ರಿಬ್ರ ಮನಸ್ಸು ನೋಡ್ಬೇಕು. ಸೊರಬದ ಆಸ್ಪತ್ರೆಗೆ, ಮನೋವೈದ್ಯರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ.”

“ಹುಚ್ಚಿನ ಡಾಕ್ಟರಾ? ಊರೋರು ಏನಂದಾರು?” ಅಂದರು ಅಜ್ಜಿ.

“ಕೂಸು ಕೈ ಕತ್ತರ್ಸಿ ಅಂತಿದೆ. ಊರೋರ್ನ ಆಮೇಲೆ ಕೇಳಣ.”

ರಾಜೇಶ್ವರಮ್ಮ ಮೊಮ್ಮಗಳ ತೋಳು ಸವರಿದರು. ಸೊಸೆಯತ್ತ ತಿರುಗಿದರು. “ಟೀಚರ್ ಚೀಟಿಗೆ ಉತ್ರ ಬರಿ ಮಾರಾಯ್ತಿ. ನಾನೇ ಕೊಟ್ಟು ಬತ್ತೀನಿ.”

ಗಂಗಾಶ್ರೀ ಬರೆದಳು: ‘ಧನ್ಯಾ ಎಡಗೈಯಲ್ಲಿ ಊಟ ಮಾಡುತ್ತಾಳೆ. ಎಲ್ಲರ ಸಾಲಿನಲ್ಲೇ ಕೂರಿಸಿ. ಯಾರಾದರೂ ನಕ್ಕರೆ ತಿಳಿಹೇಳಿ. ನಾನೂ ಅವಳೂ ಆಸ್ಪತ್ರೆಗೆ ಹೋಗುವ ದಿನ ಅವಳಿಗೆ ರಜೆ ಕೊಡಿ.’

ಅಜ್ಜಿ ಸೆರಗು ಹೊದ್ದು, ಕಾಗದ ಹಿಡಿದು ಶಾಲೆಯತ್ತ ಹೊರಟರು.

ತಾಯಂದಿರೇ, ಅಜ್ಜಿಯರೇ, ಹುಟ್ಟುವಾಗ ನರಕ್ಕೆ ಪೆಟ್ಟಾದ ಮಗು ನಿಮ್ಮ ಓಣಿಯಲ್ಲಿದ್ದರೆ, ಕೈಯೊಂದನ್ನೇ ವಿಚಾರಿಸಬೇಡಿ. ಮಗುವಿನ ಮನಸ್ಸಿನಲ್ಲಿ, ಹೆತ್ತವಳ ಮನಸ್ಸಿನಲ್ಲಿ ಏನಿದೆ, ಅದನ್ನೂ ಕೇಳಿ. ಹೆತ್ತವಳನ್ನು ದೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಗಾಶ್ರೀಗೆ ಏಳು ವರ್ಷ ಹಿಡಿಯಿತು. ನೀವು ಇವತ್ತೇ ಕೇಳಿ.