ಜಿರಳೆ ಬರುವ ತನಕ

"ಬೋಳಿಮಗನೆ, ಬರಿಗೈಲಿ ಮುಟ್ಬೇಡ! ಗ್ಲೌಸು ಹಾಕ್ಕೊ. ಫೋಟೋ ಆದ್ಮೇಲೆ ಬಿಚ್ಚಿ ಕೊಡು, ನಿಮ್ಮಪ್ಪನ ಮನೇದಲ್ಲ ಅದು."

ನಗರಸಭೆಯ ಸಾಹೇಬರು ಹೀಗೆ ಹರಸಿದಾಗ ನಾನು ಸಭಾಭವನದ ಹಿಂದೆ ಮ್ಯಾನ್‌ಹೋಲಿನ ಮುಚ್ಚಳಕ್ಕೆ ಹಾರೆ ಹಾಕಿದ್ದೆ. ಬೆಳಿಗ್ಗೆಯಿಂದ ಭವನದ ಕಕ್ಕಸು ಕಟ್ಟಿಕೊಂಡಿತ್ತು. ಒಳಗೆ ಎರಡು ದೇಶಗಳ ದೊಡ್ಡವರು ಒಪ್ಪಂದಕ್ಕೆ ಸಹಿ ಹಾಕಲು ಕೂತಿದ್ದರು. ಊರಿನ ಚರಂಡಿ ಕೆಲಸ ಇನ್ನು ಹೊರದೇಶದ ಕಂಪನಿಗೆ. ಇಪ್ಪತ್ತು ವರ್ಷ ನಾವು ಬಾಚಿದ್ದು ಬರೀ ಹೇಲು. ಅವರ ಕಾಗದದಲ್ಲಿ ಅದರ ಹೆಸರು ಸೇವೆ. ದೊಡ್ಡವರ ಬಾಯಿಗೆ ಬಿದ್ದರೆ ಹೇಲಿಗೂ ಮರ್ಯಾದೆ, ಬಾಚುವವನಿಗೆ ಮಾತ್ರ ಇಲ್ಲ.

ಕಂಪನಿಯವನು ಬಿಳಿ ಬೂಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ಕೊರಳಲ್ಲಿ ಚರಂಡಿ ತಜ್ಞನೆಂಬ ಕಾರ್ಡು. ಅಂಥ ಕಾರ್ಡು ಇದ್ದವರಿಗಷ್ಟೇ ನಾಳೆಯಿಂದ ಕೆಲಸ. ಇವನ ಮುಂದೆ ಇಳಿದು ತೋರಿಸಿದರೆ ನನಗೂ ಒಂದು ಸಿಗುತ್ತಿತ್ತು.

ಹಗ್ಗ ಹಿಡಿದಿದ್ದ ನನ್ನ ಭಾವ ಸುಮ್ಮನಿರಲಾರದೆ ಕೇಳಿದ: "ಅವ್ರು ಇಲ್ಲಿಗೆ ಬರ್ತಾರೆ. ನಾವೂ ಅಲ್ಲಿಗೆ ಹೋಗಿ ಇದೇ ಕೆಲ್ಸ ಮಾಡ್ಬೋದಾ ಸ್ವಾಮಿ?"

ಸಾಹೇಬರು ನಕ್ಕರು. "ಬರೋದು ಅವ್ರ ದುಡ್ಡು ಕಣೋ. ನಿನ್ನಂಥೋನಿಗೆ ಯಾವನು ವೀಸಾ ಕೊಡ್ತಾನೆ? ಒಪ್ಪಂದದಲ್ಲಿ ವೀಸಾನೂ ಇದೆ, ಮ್ಯಾನೇಜರುಗಳಿಗೆ ಮಾತ್ರ."

"ಓಹೋ! ಅವ್ರ ಹೇಲು ಬಾಚೋಕೆ ಮ್ಯಾನೇಜರೇ ಬೇಕಾ?"

ಮುಚ್ಚಳ ಸರಿಸಿ, ಹಾರೆಯಿಂದ ಅಂಚಿಗೆ ಮೂರು ಸಲ ಬಡಿದು ಕೂತೆ. ಇದು ನಮ್ಮ ಕ್ರಮ. ಸದ್ದಿಗೆ ಜಿರಳೆ ಓಡಿ ಬಂದರೆ ಒಳಗೆ ಉಸಿರಾಡಬಹುದು. ಬರದಿದ್ದರೆ ಗ್ಯಾಸು. ಅಪ್ಪನನ್ನು ಹಿಂದೊಬ್ಬ ಸಾಹೇಬ ಕಾಯಲು ಬಿಡದೆ ಇಳಿಸಿದ್ದ. ಹಗ್ಗದಲ್ಲಿ ಮೇಲೆ ಬಂದದ್ದು ಹೆಣ.

ಒಂದೂ ಬರಲಿಲ್ಲ.

"ಇಳಿಯೋ! ಒಳಗೆ ಕಕ್ಕಸು ಉಕ್ಕಿ ಕಾರ್ಪೆಟ್ಟಿಗೆ ಬರ್ತಿದೆ!"

"ಜಿರಳೆ ಬಂದಿಲ್ಲ ಸ್ವಾಮಿ."

"ಜಿರಳೆ ಕೇಳ್ಕೊಂಡು ಕೆಲ್ಸ ಮಾಡ್ತೀಯೇನೋ? ಕಾರ್ಡು ಬೇಡ್ವಾ?"

ಬೇಕಿತ್ತು. ಮನೆಯಲ್ಲಿ ಐದು ಹೊಟ್ಟೆ ಆ ಕಾರ್ಡನ್ನೇ ನೆಚ್ಚಿಕೊಂಡಿದ್ದವು. ಅಪ್ಪನೂ ಹೊಟ್ಟೆ ನೆನೆದೇ ಇಳಿದಿದ್ದ. ಗ್ಲೌಸು ಬಿಚ್ಚಿ ತಜ್ಞನ ಕೈಯಲ್ಲಿಟ್ಟೆ.

"ಕಾರ್ಡು ಇರೋರು ಇಳೀಲಿ."

ಅವನು ಗುಂಡಿ ನೋಡಿದ, ತನ್ನ ಬೂಟು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. ಸಾಹೇಬರು ನನ್ನ ಅಕ್ಕ ತಂಗಿಯರನ್ನೆಲ್ಲ ನೆನೆಯುತ್ತಿದ್ದಾಗಲೇ ಭವನದ ಬಾಗಿಲು ತೆರೆಯಿತು. ದೊಡ್ಡವರು ಮೂಗು ಮುಚ್ಚಿಕೊಂಡು, ಪ್ಯಾಂಟು ಎತ್ತಿ ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತಾ ಹೊರಗೆ ಓಡಿ ಬಂದರು.

ಭಾವ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ.

"ಬಂದ್ವು ನೋಡೋ ಬಾಮೈದ, ಜಿರಳೆ."

ನಾನು ಮುಚ್ಚಳ ಎಳೆದು ಗುಂಡಿ ಮುಚ್ಚಿ, ಅದರ ಮೇಲೆ ಕೂತೆ.